ಎದೆಬಡಿತಕ್ಕೆ ಮೆಟ್ರೊನೋಮ್ ಇಲ್ಲ: ಮಿಲ್ಫರ್ಡ್ ಗ್ರೇವ್ಸ್ ನಮಗ್ಯಾಕೆ ಮುಖ್ಯ?

ಇಂಜಿನಿಯರಿಂಗ್ ಓದುವಾಗ ನಮಗೊಂದು ಲ್ಯಾಬ್ ಇತ್ತು. ಕಂಪ್ಯೂಟರಿನಲ್ಲಿ ಲ್ಯಾಬ್‌ವ್ಯೂ ಅನ್ನೋ ಸಾಫ್ಟ್‌ವೇರ್, ಅದರೊಳಗೆ ಯಾರದ್ದೋ ಇಸಿಜಿ ಸಿಗ್ನಲ್. ಫಿಲ್ಟರ್ ಹಾಕಿ ಗದ್ದಲ ತೆಗೆಯಬೇಕು, ಗೆರೆಯಲ್ಲಿ ಏಳುವ ಎತ್ತರದ ಮೊನೆಗಳನ್ನು ಎಣಿಸಬೇಕು, ನಿಮಿಷಕ್ಕೆ ಎಷ್ಟು ಬಡಿತ ಅಂತ ರೆಕಾರ್ಡ್ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬೇಕು. ಎಲ್ಲರದ್ದೂ 72. ನನ್ನ ಪಕ್ಕದವನಿಗೆ 74 ಬಂದಿತ್ತು. ಅವನೂ ಅದನ್ನು ಹೊಡೆದು ಹಾಕಿ 72 ಮಾಡಿಕೊಂಡ. ಮೊನೆಯಿಂದ ಮೊನೆಗೆ ಇರುವ ಅಂತರ ಪ್ರತಿ ಸಲ ಒಂದೇ ಇರಲಿಲ್ಲ ಅನ್ನೋದನ್ನು ಆವತ್ತು ನಾವೆಲ್ಲ ನೋಡಿದ್ದೆವು. ಸರಾಸರಿ ತೆಗೆದು ಮುಂದೆ ಹೋದೆವು.

ಅದಾಗಿ ಎಷ್ಟೋ ವರ್ಷಗಳ ಮೇಲೆ, ಪತ್ರಿಕೋದ್ಯಮಕ್ಕೆ ಬಂದು ಇಸಿಜಿ ಗಿಸಿಜಿ ಎಲ್ಲ ಮರೆತ ಮೇಲೆ, ಒಂದು ರಾತ್ರಿ 'ಮಿಲ್ಫರ್ಡ್ ಗ್ರೇವ್ಸ್ ಫುಲ್ ಮ್ಯಾಂಟಿಸ್' ಅನ್ನೋ ಸಾಕ್ಷ್ಯಚಿತ್ರ ನೋಡಿದೆ. 2018ರದ್ದು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಗಿಡಗಂಟಿಗಳ ನಡುವಿನ ಒಂದು ಮನೆ, ಅದರಲ್ಲೊಬ್ಬ ವಯಸ್ಸಾದ ಕಪ್ಪು ಡ್ರಮ್ಮರ್. ಆ ಮನುಷ್ಯ ಜನರ ಎದೆಬಡಿತ ರೆಕಾರ್ಡ್ ಮಾಡಿಕೊಂಡು, ಅದರಲ್ಲಿ ತಾಳ ಹುಡುಕುತ್ತಿದ್ದ. ಆಮೇಲೆ ಓದುತ್ತಾ ಕೂತಾಗ ಗೊತ್ತಾಯ್ತು, ಆತ ಬಳಸುತ್ತಿದ್ದದ್ದು ಅದೇ ಲ್ಯಾಬ್‌ವ್ಯೂ. ನಾವು ಸರಾಸರಿ ಮಾಡಿ ಬಿಸಾಕಿದ್ದ ವ್ಯತ್ಯಾಸ ಇತ್ತಲ್ಲ, ಅದನ್ನೇ ಆತ ದಶಕಗಳ ಕಾಲ ಕಿವಿಗೊಟ್ಟು ಕೇಳಿದ್ದ.

ಈ ಬರಹ ಆತನ ಬಗ್ಗೆ. ಜಾಝ್ ಕೇಳದವರೂ ಓದಬಹುದು. ನಾನೂ ಜಾಝ್ ಪಂಡಿತನೇನಲ್ಲ.

ಮಿಲ್ಫರ್ಡ್ ಗ್ರೇವ್ಸ್ ಹುಟ್ಟಿದ್ದು 1941ರ ಆಗಸ್ಟ್ 20ರಂದು, ಕ್ವೀನ್ಸ್‌ನ ಜಮೈಕಾ ಅನ್ನೋ ಬಡಾವಣೆಯಲ್ಲಿ. ತೀರಾ ಸಣ್ಣ ವಯಸ್ಸಿಗೇ ಡ್ರಮ್ ಹಿಡಿದವರು. ಆದರೆ ಮೊದಲು ಕಲಿತದ್ದು ಜಾಝ್ ಡ್ರಮ್ ಅಲ್ಲ. ಕಾಂಗಾ, ಟಿಂಬಾಲೆಸ್ ಥರದ ಕ್ಯೂಬಾ ಮೂಲದ ವಾದ್ಯಗಳನ್ನು. ಅರವತ್ತರ ದಶಕದ ಶುರುವಿನಲ್ಲಿ ಅವರು ಲ್ಯಾಟಿನ್ ನೃತ್ಯಸಂಗೀತದ ತಂಡಗಳಲ್ಲಿ ನುಡಿಸುತ್ತಿದ್ದರು. ಮುಂದೆ ಜಗತ್ಪ್ರಸಿದ್ಧ ಪಿಯಾನೋ ವಾದಕರಾದ ಚಿಕ್ ಕೊರಿಯಾ ಆಗ ಇವರ ತಂಡದಲ್ಲಿದ್ದರು. ಜಾನ್ ಕೋಲ್ಟ್ರೇನ್ ತಂಡದಲ್ಲಿ ಎಲ್ವಿನ್ ಜೋನ್ಸ್ ಡ್ರಮ್ ನುಡಿಸುವುದನ್ನು ಕೇಳಿದ ಮೇಲೆ ಇವರ ದಾರಿ ಜಾಝ್ ಕಡೆ ಹೊರಳಿತು.

ಇಲ್ಲಿ ಡ್ರಮ್ ಸೆಟ್ ಬಗ್ಗೆ ಒಂದೆರಡು ಮಾತು ಹೇಳಬೇಕು, ಇಲ್ಲದಿದ್ದರೆ ಗ್ರೇವ್ಸ್ ಮಾಡಿದ್ದು ಎಷ್ಟು ದೊಡ್ಡ ತಕರಾರು ಅನ್ನೋದು ಅರ್ಥ ಆಗಲ್ಲ.

1739ರಲ್ಲಿ ಸೌತ್ ಕೆರೊಲಿನಾದ ಸ್ಟೋನೋ ನದಿಯ ಹತ್ತಿರ ಗುಲಾಮರು ಬಂಡೆದ್ದರು. ಡ್ರಮ್ ಬಾರಿಸುತ್ತಾ ಮೆರವಣಿಗೆ ಹೊರಟರು, ಆ ಸದ್ದು ಕೇಳಿ ದಾರಿಯಲ್ಲಿ ಇನ್ನಷ್ಟು ಜನ ಸೇರಿಕೊಂಡರು. ಬಂಡಾಯವನ್ನು ರಕ್ತದಲ್ಲಿ ಮುಳುಗಿಸಿದ ಮೇಲೆ, 1740ರಲ್ಲಿ ಆ ವಸಾಹತು ಒಂದು ಕಾನೂನು ತಂದಿತು. ಗುಲಾಮರು ಡ್ರಮ್, ಕೊಂಬು ಇಟ್ಟುಕೊಳ್ಳುವಂತಿಲ್ಲ. ಗುಲಾಮರಿಗೆ ಬರೆಯುವುದನ್ನು ಕಲಿಸುವಂತೆಯೂ ಇಲ್ಲ. ಎರಡೂ ಒಂದೇ ಕಾನೂನಿನಲ್ಲಿ! ಆಳುವವರಿಗೆ ಡ್ರಮ್ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು: ಅದೂ ಒಂದು ಬರವಣಿಗೆ, ಸುದ್ದಿ ದಾಟಿಸುವ ಸಾಧನ.

ಹಾಗೆ ಆಫ್ರಿಕಾದ ಡ್ರಮ್ಮು ಬಹುಪಾಲು ಅಮೆರಿಕದ ನೆಲದಲ್ಲಿ ನಿಷಿದ್ಧವಾಯಿತು. ನ್ಯೂ ಆರ್ಲಿಯನ್ಸ್‌ನ ಕಾಂಗೋ ಚೌಕದಂಥ ಕೆಲವೇ ಜಾಗಗಳಲ್ಲಿ ಉಳಿದುಕೊಂಡಿತು. ಇಪ್ಪತ್ತನೇ ಶತಮಾನದ ಹೊಸ್ತಿಲಲ್ಲಿ ಅದೇ ಊರಿನ ಕಪ್ಪು ಸಂಗೀತಗಾರರು ಮಿಲಿಟರಿ ಬ್ಯಾಂಡಿನ ದೊಡ್ಡ ಡ್ರಮ್, ಅದೇ ಬ್ಯಾಂಡಿನ ಸ್ನೇರ್ ಡ್ರಮ್, ತುರ್ಕಿ ಮೂಲದ ಸಿಂಬಲ್, ಚೀನಿ ಟಾಮ್‌ಟಾಮ್ ಎಲ್ಲ ಜೋಡಿಸಿ, ಕಾಲಿಗೊಂದು ಪೆಡಲ್ ಕೊಟ್ಟು, ಮೂರ್ನಾಲ್ಕು ಜನ ಮಾಡುವ ಕೆಲಸವನ್ನು ಒಬ್ಬನೇ ಕೂತು ಮಾಡುವ ಹಾಗೆ ಮಾಡಿದರು. ನಾವು ಆರ್ಕೆಸ್ಟ್ರಾಗಳಲ್ಲಿ ನೋಡುವ ಡ್ರಮ್ ಸೆಟ್ ಇದೇ. ಆದರೆ ಒಬ್ಬನಿಗೇ ಕೂತು ನುಡಿಸಲು ಸಿಕ್ಕ ಈ ವಾದ್ಯಕ್ಕೆ ತಂಡದಲ್ಲಿ ಸಿಕ್ಕ ಕೆಲಸ ಮಾತ್ರ ಗಡಿಯಾರದ್ದು. ಟೈಮ್ ಹಿಡಿ, ಉಳಿದವರು ಹಾಡುತ್ತಾರೆ.

ಗ್ರೇವ್ಸ್ ಈ ಗಡಿಯಾರದ ಕೆಲಸ ಬಿಟ್ಟರು. ಬಿಟ್ಟವರಲ್ಲಿ ಅವರೊಬ್ಬರೇ ಅಲ್ಲ. ಸನ್ನಿ ಮರ್ರೇ, ಆಂಡ್ರ್ಯೂ ಸಿರಿಲ್, ರಶೀದ್ ಅಲಿ ಎಲ್ಲರೂ ಅದೇ ಕಾಲದವರು. 1964ರ ಅಕ್ಟೋಬರ್‌ನಲ್ಲಿ ಬಿಲ್ ಡಿಕ್ಸನ್ ಅನ್ನೋ ಟ್ರಂಪೆಟ್ ವಾದಕ ನ್ಯೂಯಾರ್ಕಿನ ಒಂದು ಕೆಫೆಯಲ್ಲಿ 'ಜಾಝ್‌ನ ಅಕ್ಟೋಬರ್ ಕ್ರಾಂತಿ' ಅಂತಲೇ ಹೆಸರಿಟ್ಟು ಕಛೇರಿಗಳನ್ನು ನಡೆಸಿದರು. ಅದೇ ವರ್ಷ ಗ್ರೇವ್ಸ್ 'ನ್ಯೂಯಾರ್ಕ್ ಆರ್ಟ್ ಕ್ವಾರ್ಟೆಟ್' ಸೇರಿದರು. ಅವರ ಮೊದಲ ಆಲ್ಬಂನಲ್ಲಿ ಕವಿ ಅಮೀರಿ ಬರಾಕ ತಮ್ಮ ಕವಿತೆ ಓದಿದ್ದಾರೆ. ಆಗಿನ್ನೂ ಅವರ ಹೆಸರು ಲೀರಾಯ್ ಜೋನ್ಸ್. ವರ್ಣಭೇದವನ್ನು ಕಾನೂನುಬಾಹಿರ ಮಾಡಿದ ನಾಗರಿಕ ಹಕ್ಕುಗಳ ಕಾಯ್ದೆ ಬಂದದ್ದೂ ಆ 1964ರಲ್ಲೇ. ಮುಂದಿನ ಫೆಬ್ರವರಿಯಲ್ಲಿ ಮಾಲ್ಕಂ ಎಕ್ಸ್ ಕೊಲೆ ಆಯಿತು. ಈ ಸಂಗೀತ ಯಾಕೆ ಅಷ್ಟು ಒರಟಾಗಿ ಕೇಳುತ್ತೆ ಅಂತ ಕೇಳುವವರು ಈ ಎರಡು ಸಂಗತಿ ನೆನಪಿಟ್ಟುಕೊಂಡರೆ ಸಾಕು.

ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಗ್ರೇವ್ಸ್ ಲಯವನ್ನು ವಿವರಿಸೋದು ಸುಲಭ. ರಾಗಂ-ತಾನಂ-ಪಲ್ಲವಿಯಲ್ಲಿ ತಾನದ ಭಾಗ ನೆನಪು ಮಾಡಿಕೊಳ್ಳಿ. ಅಲ್ಲಿ ನಡೆ ಇದೆ, ಉಸಿರಿದೆ, ಮಿಡಿತ ಇದೆ. ತಾಳದ ಆವರ್ತನ ಇಲ್ಲ. ಯಾರೂ ತೊಡೆ ತಟ್ಟಿ ಎಂಟು ಎಣಿಸಲ್ಲ. ಹಾಗಂತ ಲಯ ಇಲ್ಲ ಅನ್ನೋಕಾಗುತ್ತಾ? ಗ್ರೇವ್ಸ್ ಡ್ರಮ್ಮು ಹೆಚ್ಚು ಕಮ್ಮಿ ಹಾಗೆ. ವ್ಯತ್ಯಾಸ ಇಷ್ಟೇ, ಎರಡು ಕೈ ಎರಡು ಕಾಲು ನಾಲ್ಕೂ ನಾಲ್ಕು ನಡೆಯಲ್ಲಿ ಒಟ್ಟಿಗೆ ಹೊರಡುತ್ತವೆ. ಚಿಕ್ಕವನಿದ್ದಾಗ ಎರಡು ವರ್ಷ ಮೃದಂಗ ಕಲಿತು ಬಿಟ್ಟವನು ನಾನು. 'ಕಾಲಪ್ರಮಾಣ ಓಡ್ತಿದೆ' ಅಂತ ಮೇಷ್ಟ್ರಿಂದ ಬೈಸಿಕೊಂಡೇ ಆ ಎರಡು ವರ್ಷ ಕಳೆದವು. ಅಂಥ ನನಗೆ ಗ್ರೇವ್ಸ್ ಮೊದಲ ಸಲ ಕೇಳಿದಾಗ ಆದದ್ದು ಸಂತೋಷಕ್ಕಿಂತ ಸಮಾಧಾನ!

ಅವರೂ ನಮ್ಮ ಕಡೆ ಬಂದಿದ್ದರು, ವಿದ್ಯೆಯ ದಾರಿಯಲ್ಲಿ. 1965ರಲ್ಲಿ ವಸಂತ ಸಿಂಗ್ ಅನ್ನೋ ಗುರುವಿನ ಹತ್ತಿರ ತಬಲಾ ಕಲಿತರು. ಅದರ ಪರಿಣಾಮ ಅವರ ವಾದ್ಯದಲ್ಲಿ ಕಾಣುತ್ತದೆ, ಯಾಕೆಂದರೆ ಗ್ರೇವ್ಸ್ ಅಂಗಡಿಯಿಂದ ತಂದ ಡ್ರಮ್ ಸೆಟ್ಟನ್ನು ಇದ್ದ ಹಾಗೆ ನುಡಿಸಿದವರೇ ಅಲ್ಲ. ಟಾಮ್‌ಟಾಮ್‌ಗಳಿಗೆ ಎರಡು ಮುಖ ಇರುತ್ತವೆ, ಮೇಲೊಂದು ಮುಚ್ಚಿಗೆ, ಕೆಳಗೊಂದು ಮುಚ್ಚಿಗೆ. ಅವರು ಕೆಳಗಿನದ್ದನ್ನು ಕಿತ್ತು ಹಾಕಿದರು. ಮೇಲಿನದ್ದನ್ನು ಸಡಿಲ ಬಿಟ್ಟರು. ಸ್ನೇರ್ ಡ್ರಮ್ಮಿನ ತಳದಲ್ಲಿ ತಂತಿಗಳಿರುತ್ತವಲ್ಲ, 'ಟರ್' ಅಂತ ಮಿಲಿಟರಿ ಸದ್ದು ಕೊಡುವುದು, ಆ ಸದ್ದೂ ಅವರ ಸಂಗೀತದಿಂದ ಹೊರಗೆ ಹೋಯಿತು. ಉಳಿದ ಮರದ ಮೈಮೇಲೆ ಬಣ್ಣ ಬಳಿದು ಚಿತ್ತಾರ ಬರೆದರು.

ಇದರಿಂದ ಏನಾಗುತ್ತೆ? ಊರ ಜಾತ್ರೆಯಲ್ಲಿ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸೋದನ್ನು ನೋಡಿದವರಿಗೆ ಅರ್ಧ ಉತ್ತರ ಗೊತ್ತಿದೆ. ಚರ್ಮ ಬಿಗಿದಷ್ಟೂ ಶ್ರುತಿ ಏರುತ್ತೆ, ಸಡಿಲಾದಷ್ಟೂ ಇಳಿಯುತ್ತೆ. ಸಡಿಲ ಮುಚ್ಚಿಗೆಯ ಇನ್ನೊಂದು ಗುಣ ಅಂದರೆ, ಕೈಯಿಂದ ಒತ್ತಿದರೆ ಸದ್ದು ಜಾರುತ್ತೆ. ತಬಲದ ಬಾಯಾಂನಲ್ಲಿ ಅಂಗೈ ಒತ್ತಿ ಗಮಕ ತೆಗೆಯೋದು, ಪಶ್ಚಿಮ ಆಫ್ರಿಕಾದ 'ಮಾತಾಡುವ ಡ್ರಮ್' ಹಗ್ಗ ಹಿಂಡಿ ಮಾತಿನ ಏರಿಳಿತ ತರೋದು ಎರಡೂ ಇದೇ ಲೆಕ್ಕ. ಕೆಳಗಿನ ಮುಚ್ಚಿಗೆ ಇದ್ದರೆ ಅದು ಮೇಲಿನದ್ದರ ಜೊತೆ ಕಂಪಿಸಿ ಸದ್ದನ್ನು ದುಂಡಗೆ, ಉದ್ದಕ್ಕೆ ಎಳೆಯುತ್ತೆ. ತೆಗೆದರೆ ಪೆಟ್ಟು ಬಿಡಿಬಿಡಿಯಾಗಿ ಕೇಳುತ್ತೆ. ಗ್ರೇವ್ಸ್‌ಗೆ ಬೇಕಾಗಿದ್ದದ್ದು ಗಡಿಯಾರದ ಟಿಕ್‌ಟಿಕ್ಕಿಗಿಂತ ಮಾತಿನ ಹತ್ತಿರ ಇರುವ ವಾದ್ಯ. ಮಿಲಿಟರಿ ಬ್ಯಾಂಡಿನ ಸಾಮಾನಿನೊಳಗಿಂದ 1740ರ ಕಾನೂನಿಗಿಂತ ಹಿಂದಿನ ಡ್ರಮ್ಮನ್ನು ಅವರು ಹೊರಗೆ ತೆಗೆದರು ಅಂತ ನಾನು ಓದಿಕೊಳ್ಳುತ್ತೇನೆ.

ವಾದ್ಯದ ವಿಚಾರ ಬಂತು ಅಂತ ಒಂದು ಬೆಂಗಳೂರಿನ ಮಾತು. ಸಾಮಾನ್ಯ ಡ್ರಮ್ಮಿನ ಚರ್ಮದಿಂದ ಹೊರಡುವ ಕಂಪನಗಳು ತಂತಿಯ ಹಾಗೆ 1, 2, 3 ಅಂತ ಪೂರ್ಣಾಂಕಗಳ ಲೆಕ್ಕದಲ್ಲಿ ಇರಲ್ಲ. 1, 1.59, 2.14 ಅಂತ ಅಡ್ಡಾದಿಡ್ಡಿ ಹೋಗುತ್ತವೆ. ಅದಕ್ಕೇ ಡ್ರಮ್ಮಿನಲ್ಲಿ ಸ್ಪಷ್ಟ ಸ್ವರ ಕೇಳಲ್ಲ. ಮೃದಂಗ, ತಬಲಾದಲ್ಲಿ ಕೇಳುತ್ತೆ. ಕಾರಣ ನಡುವೆ ಮೆತ್ತಿದ ಕಪ್ಪು ಕರಣೆ. ಸರ್ ಸಿ.ವಿ. ರಾಮನ್ ಇದನ್ನು ಕಲ್ಕತ್ತೆಯಲ್ಲಿದ್ದಾಗಲೇ ಅಳೆದು 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ 1934ರಲ್ಲಿ ಇನ್ನೂ ವಿಸ್ತಾರವಾಗಿ ಬರೆದರು. ಕರಣೆಯ ಭಾರ ಆ ಅಡ್ಡಾದಿಡ್ಡಿ ಕಂಪನಗಳನ್ನು ಹೆಚ್ಚುಕಡಿಮೆ ಪೂರ್ಣಾಂಕಗಳ ಸಾಲಿಗೆ ತರುತ್ತೆ ಅನ್ನೋದು ಅವರು ಕಂಡದ್ದು. ಆದರೆ ಆ ಕರಣೆಯನ್ನು ಅನ್ನದ ಜೊತೆ ಅರೆದು, ಪದರ ಪದರವಾಗಿ ಮೆತ್ತಿ, ಕಲ್ಲಿನಿಂದ ಉಜ್ಜಿ, ಕಿವಿಯಲ್ಲೇ ಅಳೆದು ಅದೇ ಫಲಿತಾಂಶಕ್ಕೆ ತಲುಪಿದ್ದವರು ಚರ್ಮದ ಕೆಲಸದವರು. ಅವರ ಹೆಸರು ಯಾವ ಪ್ರಬಂಧದಲ್ಲೂ ಇಲ್ಲ. ಟಿ.ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಬರೆದದ್ದು ಮೃದಂಗ ಮಾಡುವ ಈ ದಲಿತ ಕುಟುಂಬಗಳ ಬಗ್ಗೆ. ಪುಸ್ತಕ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ಚೆನ್ನೈನ ಕಲಾಕ್ಷೇತ್ರ ಕೊನೇ ಗಳಿಗೆಯಲ್ಲಿ ವಾಪಸ್ ತೆಗೆದುಕೊಂಡಿತು. ನುಡಿಸುವವನು ವೇದಿಕೆ ಮೇಲೆ, ಮಾಡುವವನು ಹಿತ್ತಲಲ್ಲಿ, ಅಳೆಯುವವನು ಪ್ರಯೋಗಾಲಯದಲ್ಲಿ. ನಮ್ಮಲ್ಲಿ ಈ ಮೂವರ ನಡುವೆ ಗೋಡೆ ಇದೆ, ಆ ಗೋಡೆಯ ಹೆಸರು ನಿಮಗೆ ಗೊತ್ತು. ಗ್ರೇವ್ಸ್ ಮೂರೂ ಕೆಲಸ ಒಂದೇ ಮನೆಯಲ್ಲಿ ಮಾಡಿದರು. ಅವರಿಗೂ ಗೋಡೆಗಳಿದ್ದವು, ಬೇರೆ ಥರದವು.

ಮೊದಲ ಗೋಡೆ ದುಡ್ಡಿನದ್ದು. ಕಪ್ಪು ಸಂಗೀತಗಾರರು ನುಡಿಸುತ್ತಿದ್ದರು, ಕ್ಲಬ್ಬೂ ರೆಕಾರ್ಡ್ ಕಂಪನಿಯೂ ಬೇರೆಯವರ ಕೈಯಲ್ಲಿದ್ದವು. 1966ರಲ್ಲಿ ಗ್ರೇವ್ಸ್ ಮತ್ತು ಪಿಯಾನೋ ವಾದಕ ಡಾನ್ ಪುಲ್ಲೆನ್ ಯೇಲ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಕಛೇರಿಯನ್ನು ತಾವೇ ರೆಕಾರ್ಡಾಗಿ ಹೊರತಂದರು. ಲೇಬಲ್ ಹೆಸರು ಎಸ್‌ಆರ್‌ಪಿ. ಅದರ ಮೊದಲೆರಡು ಅಕ್ಷರಗಳ ಅರ್ಥವೇ ಸ್ವಾವಲಂಬನೆ. ಮೊದಲ ಪ್ರತಿಗಳ ಹೊದಿಕೆಗೆ ಇಬ್ಬರೂ ಕೂತು ಕೈಯಲ್ಲೇ ಬಣ್ಣ ಹಚ್ಚಿದ್ದರು. ಇವತ್ತು ಯಾರಾದರೂ ತಮ್ಮ ಹಾಡನ್ನು ತಾವೇ ಅಪ್‌ಲೋಡ್ ಮಾಡಿದರೆ ಅದೇನು ದೊಡ್ಡ ಸಂಗತಿ ಅಲ್ಲ. ಆಗ ಅದು ರಾಜಕೀಯ ಹೇಳಿಕೆ. 1974ರಲ್ಲಿ ಆಂಡ್ರ್ಯೂ ಸಿರಿಲ್ ಜೊತೆ ಮಾಡಿದ 'ಡೈಲಾಗ್ ಆಫ್ ದ ಡ್ರಮ್ಸ್' ಕೂಡ ಇವರಿಬ್ಬರ ಸ್ವಂತ ಲೇಬಲ್ಲಿನದ್ದೇ. ಎರಡು ಡ್ರಮ್ ಸೆಟ್, ಬೇರೆ ಯಾರೂ ಇಲ್ಲ.

1967ರ ಜುಲೈ 21ರಂದು ಜಾನ್ ಕೋಲ್ಟ್ರೇನ್ ಅಂತ್ಯಕ್ರಿಯೆ. ಚರ್ಚಿನಲ್ಲಿ ಆಲ್ಬರ್ಟ್ ಐಲರ್ ತಂಡ ನುಡಿಸಿತು. ಡ್ರಮ್ ಮೇಲೆ ಇದ್ದದ್ದು ಗ್ರೇವ್ಸ್. ಆಗ ಅವರಿಗೆ ಇಪ್ಪತ್ತೈದು. ಆ ವಯಸ್ಸಿಗೆ ಆ ಜಾಗ ಸಿಕ್ಕವರು ಸಾಮಾನ್ಯವಾಗಿ ಮುಂದೇನು ಮಾಡುತ್ತಾರೆ? ಊರೂರು ತಿರುಗಿ ಕಛೇರಿ ಮಾಡುತ್ತಾರೆ, ಆಲ್ಬಂ ಮೇಲೆ ಆಲ್ಬಂ ತರುತ್ತಾರೆ. ಗ್ರೇವ್ಸ್ ಮಾಡಿದ್ದು ಬೇರೆ. ಮೆಡಿಕಲ್ ಟೆಕ್ನಿಶಿಯನ್ ತರಬೇತಿ ಪಡೆದು, ಒಂದು ಪಶುವೈದ್ಯಕೀಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದರು. ಹೆಂಡತಿ ಮಕ್ಕಳಿದ್ದರು, ಮನ ಬಂದ ಹಾಗೆ ನುಡಿಸುವ ಸಂಗೀತದಿಂದ ಮನೆ ನಡೆಯುವ ಕಾಲ ಅದಾಗಿರಲಿಲ್ಲ.

1973ರಲ್ಲಿ ವರ್ಮಾಂಟ್ ರಾಜ್ಯದ ಬೆನ್ನಿಂಗ್ಟನ್ ಕಾಲೇಜಿನಲ್ಲಿ ಪಾಠ ಹೇಳೋಕೆ ಶುರು ಮಾಡಿದರು. ಅಲ್ಲಿ ಕಪ್ಪು ಸಂಗೀತಕ್ಕೆ ಪ್ರತ್ಯೇಕ ವಿಭಾಗ ಕಟ್ಟುತ್ತಿದ್ದವರು ಅದೇ 'ಅಕ್ಟೋಬರ್ ಕ್ರಾಂತಿ'ಯ ಬಿಲ್ ಡಿಕ್ಸನ್. ಹಸಿರು ಗುಡ್ಡಗಳ ನಡುವಿನ ದುಬಾರಿ ಕಾಲೇಜು, ಹೆಚ್ಚಿನವರು ಬಿಳಿಯರು. 1969ರವರೆಗೆ ಹೆಣ್ಣುಮಕ್ಕಳಿಗೆ ಮಾತ್ರ ಇದ್ದದ್ದು. ಅಲ್ಲಿ ಕ್ವೀನ್ಸ್‌ನ ಈ ಡ್ರಮ್ಮರ್ 2012ರವರೆಗೆ, ಮೂವತ್ತೊಂಬತ್ತು ವರ್ಷ, ಮೇಷ್ಟ್ರಾಗಿದ್ದರು. ಕ್ವೀನ್ಸ್‌ನ ಮನೆಯನ್ನಂತೂ ಬಿಡಲಿಲ್ಲ. ಅಲ್ಲೂ ಪಾಠ ನಡೆಯುತ್ತಿತ್ತು, ನೆಲಮಾಳಿಗೆಯಲ್ಲಿ, ಹಿತ್ತಲಲ್ಲಿ. ಹಿತ್ತಲಲ್ಲಿ ಔಷಧಿ ಗಿಡಗಳಿದ್ದವು. 'ಯಾರಾ' ಅಂತ ತಾವೇ ಕಟ್ಟಿದ ಒಂದು ಸಮರಕಲೆ ಕಲಿಸುತ್ತಿದ್ದರು. ಆಫ್ರಿಕನ್ ಕುಣಿತ, ಲಿಂಡಿಹಾಪ್ ಅನ್ನೋ ಜಾಝ್ ಕುಣಿತ, ಜೊತೆಗೆ ಮಿಡತೆಯನ್ನು ಹೋಲುವ, ಮುಂಗಾಲು ಜೋಡಿಸಿ ಕೂರುವ ಮ್ಯಾಂಟಿಸ್ ಹುಳದ ಚಲನೆ. ಆ ಹುಳಗಳನ್ನು ತಂದು ತೋಟದಲ್ಲಿ ಬಿಟ್ಟು, ಅವು ಹೇಗೆ ಹೊಡೆದಾಡುತ್ತವೆ ಅಂತ ನೋಡಿ ಕಲಿತದ್ದಂತೆ. ಮೊದಲ ಸಲ ಇದನ್ನು ಓದಿದಾಗ ನನಗೆ ನಗು ಬಂತು, ನಿಜ ಹೇಳಬೇಕಲ್ಲ. ಆದರೆ ಅವರು ಡ್ರಮ್ ನುಡಿಸುವಾಗ ಭುಜ, ಮೊಣಕೈ ಚಲಿಸುವ ರೀತಿ ನೋಡಿದ ಮೇಲೆ ನಗು ನಿಂತಿತು.

ಅವರ ಪಾಠದ ಬಗ್ಗೆ ನನಗೆ ಹಿಡಿಸಿದ್ದು ಒಂದು: ತಮ್ಮ ಹಾಗೆ ನುಡಿಸುವವರ ಘರಾನಾ ಕಟ್ಟಲಿಲ್ಲ. ಪ್ರತಿಯೊಬ್ಬನ ಎದೆಬಡಿತ ಬೇರೆ ಅಂತ ನಂಬುವವನು ಶಿಷ್ಯರಿಗೆ ಒಂದೇ ಪಾಠ ಕೊಟ್ಟು 'ಹೀಗೇ ನುಡಿಸಿ' ಅಂತ ಹೇಳೋಕೆ ಹೇಗೆ ಸಾಧ್ಯ? ಆ ಸಾಕ್ಷ್ಯಚಿತ್ರ ಮಾಡಿದ ಇಬ್ಬರಲ್ಲಿ ಒಬ್ಬರಾದ ಜೇಕ್ ಮೆಗಿನ್ಸ್ಕಿ ಅವರ ಶಿಷ್ಯರೇ. ಚಿತ್ರದಲ್ಲಿ ತಜ್ಞರು ಬಂದು ಕೂತು ಹೊಗಳುವ ದೃಶ್ಯಗಳಿಲ್ಲ. ಮೇಷ್ಟ್ರು ಮಾತಾಡುತ್ತಾರೆ, ನುಡಿಸುತ್ತಾರೆ, ತೋಟದಲ್ಲಿ ಓಡಾಡುತ್ತಾರೆ, ಅಷ್ಟೇ.

ಈಗ ಎದೆಬಡಿತದ ವಿಷಯಕ್ಕೆ ಬರೋಣ. ಇದು ಈ ಬರಹದ ಕಷ್ಟದ ಭಾಗ.

ಗ್ರೇವ್ಸ್‌ಗೆ ಒಮ್ಮೆ ಪುಸ್ತಕದಂಗಡಿಯಲ್ಲಿ ವೈದ್ಯರಿಗಾಗಿ ಮಾಡಿದ ಒಂದು ಎಲ್‌ಪಿ ರೆಕಾರ್ಡ್ ಸಿಕ್ಕಿತು. ಸಹಜ ಮತ್ತು ಅಸಹಜ ಎದೆಬಡಿತಗಳ ಸದ್ದು ಅದರಲ್ಲಿತ್ತು. ಕೇಳಿದರೆ ಅವರಿಗೆ ಅದು ತಾವು ಚಿಕ್ಕಂದಿನಿಂದ ಬಲ್ಲ ಆಫ್ರೋ-ಕ್ಯೂಬನ್ ಡ್ರಮ್ಮಿನ ಹಾಗೆ ಕೇಳಿತು. ಅಲ್ಲಿಂದ ಶುರು. ಟೇಪ್ ರೆಕಾರ್ಡರ್ ತಂದರು, ಸ್ಟೆತೊಸ್ಕೋಪ್ ತಂದರು, ಜನರ ಎದೆಬಡಿತ ರೆಕಾರ್ಡ್ ಮಾಡಿದರು. ಆಮೇಲೆ ಕಂಪ್ಯೂಟರ್ ಬಂತು. 2000ದಲ್ಲಿ ಸಂಗೀತಕ್ಕಾಗಿ ಗುಗೆನ್‌ಹೈಮ್ ಫೆಲೋಶಿಪ್ ಸಿಕ್ಕಾಗ ಆ ದುಡ್ಡನ್ನು ಕಂಪ್ಯೂಟರು, ಉಪಕರಣಗಳಿಗೆ ಸುರಿದರು. ಲ್ಯಾಬ್‌ವ್ಯೂ ಕಲಿತು ತಮಗೆ ಬೇಕಾದ ಪ್ರೋಗ್ರಾಂ ತಾವೇ ಕಟ್ಟಿಕೊಂಡರು. ವಾದ್ಯ ಬಿಚ್ಚಿ ಮರುಕಟ್ಟಿದ ಕೈಯೇ ಇದನ್ನೂ ಕಟ್ಟಿದ್ದು.

ವಿಜ್ಞಾನದ ಕಡೆಯಿಂದ ಖಚಿತವಾಗಿ ಹೇಳಬಹುದಾದದ್ದು ಇಷ್ಟು. 'ಲಬ್-ಡಬ್' ಅಂತ ನಾವು ಕೇಳುವ ಎರಡು ಸದ್ದು ಹೃದಯದ ಕವಾಟಗಳು ಮುಚ್ಚುವಾಗ ಹುಟ್ಟುವಂಥವು. ನಿಮಿಷಕ್ಕೆ 70 ಬಡಿತ ಅಂದರೆ ಎರಡು ಬಡಿತದ ನಡುವೆ ಸರಾಸರಿ 857 ಮಿಲಿಸೆಕೆಂಡ್. ಆದರೆ ಆರೋಗ್ಯವಂತನ ಹೃದಯ ಯಾವತ್ತೂ 857, 857, 857 ಅಂತ ಬಡಿಯಲ್ಲ. 820, 890, 845 ಅಂತ ಅತ್ತಿತ್ತ ಆಡುತ್ತಿರುತ್ತೆ. ಉಸಿರು ಒಳಗೆ ತೆಗೆದುಕೊಂಡಾಗ ಸ್ವಲ್ಪ ಬೇಗ, ಹೊರಗೆ ಬಿಟ್ಟಾಗ ಸ್ವಲ್ಪ ನಿಧಾನ. ಮಿದುಳಿನಿಂದ ಬರುವ ನರಗಳು ಗಳಿಗೆ ಗಳಿಗೆಗೂ ಅದನ್ನು ತಿದ್ದುತ್ತಿರುತ್ತವೆ. ಈ ಆಟ ಕಮ್ಮಿ ಆದರೆ ಅದು ಒಳ್ಳೇ ಸೂಚನೆ ಅಲ್ಲ. 1987ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ, ಹೃದಯಾಘಾತ ಆದವರಲ್ಲಿ ಈ ಏರಿಳಿತ ಕಮ್ಮಿ ಇದ್ದವರಿಗೆ ಸಾವಿನ ಅಪಾಯ ಹೆಚ್ಚು ಅಂತ ತೋರಿಸಿತು. ಹೆರಿಗೆ ವಾರ್ಡಿನಲ್ಲಿ ಮಗುವಿನ ಎದೆಬಡಿತದ ಗ್ರಾಫ್ ಓಡುತ್ತಿರುತ್ತಲ್ಲ, ಅದು ಗರಗಸದ ಹಲ್ಲಿನ ಹಾಗೆ ಏರಿಳಿಯುತ್ತಿದ್ದರೆ ಡಾಕ್ಟರಿಗೆ ನೆಮ್ಮದಿ. ಬಹಳ ಹೊತ್ತು ನೇರ ಗೆರೆ ಎಳೆದ ಹಾಗಾದರೆ ಓಡಿ ಬರುತ್ತಾರೆ.

ಅಂದರೆ ಗ್ರೇವ್ಸ್ ಮೂಲ ಅನುಮಾನ ಸರಿ ಇತ್ತು. ಮೆಟ್ರೊನೋಮಿನ ಹಾಗೆ ಬಡಿಯುವುದು ಜೀವಂತಿಕೆಯ ಗುರುತಲ್ಲ.

ಅದರಾಚೆಗೆ ಅವರು ಹೋದ ದಾರಿ ಬೇರೆ. ಎದೆಬಡಿತದ ಸದ್ದು ಬಹಳ ಕೆಳಗಿನ ಶ್ರುತಿಯದ್ದು, ಕಿವಿಗೆ 'ಧಬ್' ಅಂತ ಮಾತ್ರ ಕೇಳುತ್ತೆ. ಅದರ ಕಂಪನಗಳನ್ನು ಸ್ಥಾಯಿ ಸ್ಥಾಯಿಯಾಗಿ ಮೇಲಕ್ಕೆ ಏರಿಸಿದರೆ ಒಳಗಿನ ಏರಿಳಿತ ರಾಗದ ಎಳೆಯ ಹಾಗೆ ಕೇಳಿಸುತ್ತೆ. ಹಾಗೆ ಮಾಡಿ ಅದರ ಜೊತೆ ಡ್ರಮ್ ನುಡಿಸಿದರು. ಇಲ್ಲಿಯವರೆಗೆ ಅದು ಸಂಗೀತ, ಯಾರ ತಕರಾರೂ ಇಲ್ಲ. ಮುಂದೆ, ತಿದ್ದಿದ ಬಡಿತವನ್ನು ಸ್ಪೀಕರ್ ಮೂಲಕ, ಅಕ್ಯುಪಂಕ್ಚರ್ ಸೂಜಿಗಳಿಗೆ ಸಣ್ಣ ವಿದ್ಯುತ್ ಕೊಟ್ಟು, ಮತ್ತೆ ಅದೇ ಮನುಷ್ಯನ ದೇಹಕ್ಕೆ ಕೇಳಿಸಿದರೆ ಹೃದಯ ಸುಧಾರಿಸಬಹುದು ಅಂತ ನಂಬಿದರು. ಇಟಲಿಯ ಜೀವಕೋಶ ವಿಜ್ಞಾನಿ ಕಾರ್ಲೋ ವೆಂಚುರಾ ಜೊತೆ ಸೇರಿ, ಕಂಪನಗಳಿಂದ ಕಾಂಡಕೋಶಗಳ ಮೇಲೆ ಆಗುವ ಪರಿಣಾಮದ ಬಗ್ಗೆ ಕೆಲಸ ಮಾಡಿ, 2017ರಲ್ಲಿ ಪೇಟೆಂಟ್ ಕೂಡ ಪಡೆದರು.

ಪೇಟೆಂಟ್ ಸಿಕ್ಕಿದ ತಕ್ಷಣ ಚಿಕಿತ್ಸೆ ಸಾಬೀತಾಯಿತು ಅಂತಲ್ಲ. ಇದು ಇಂಜಿನಿಯರಿಂಗ್ ಓದಿದವರಿಗಾದರೂ ಗೊತ್ತಿರಬೇಕು. ಪೇಟೆಂಟ್ ಕೇಳೋದು 'ಇದು ಹೊಸದಾ' ಅಂತ. ರೋಗಿಗಳ ಮೇಲೆ ಕೆಲಸ ಮಾಡುತ್ತಾ ಅನ್ನೋದಕ್ಕೆ ಸಾವಿರಾರು ಜನರ ಮೇಲೆ, ಕೊಟ್ಟವರಿಗೂ ಕೊಡದವರಿಗೂ ಹೋಲಿಸಿ ನೋಡುವ ಪರೀಕ್ಷೆ ಬೇಕು. ಗ್ರೇವ್ಸ್ ವಿಧಾನ ಆಸ್ಪತ್ರೆಯ ಚಿಕಿತ್ಸೆ ಆಗಲಿಲ್ಲ. ಅದನ್ನು ಮುಚ್ಚಿಟ್ಟು ಅವರನ್ನು 'ಸಂಗೀತದಿಂದ ಹೃದಯ ಗುಣಪಡಿಸಿದ ಮಹಾತ್ಮ' ಅಂತ ವಾಟ್ಸಾಪ್ ಫಾರ್ವರ್ಡ್ ಮಾಡಿದರೆ ಅದು ಅವರಿಗೂ ಅನ್ಯಾಯ, ಹೃದ್ರೋಗಿಗಳಿಗೂ ಅನ್ಯಾಯ.

ಇದನ್ನು ಒತ್ತಿ ಹೇಳೋಕೆ ಕಾರಣ ಇದೆ. ನಾವಿರುವ ದೇಶದಲ್ಲಿ ಗಣೇಶನ ತಲೆ ಪ್ಲಾಸ್ಟಿಕ್ ಸರ್ಜರಿಗೆ ಸಾಕ್ಷಿ ಅಂತ 2014ರಲ್ಲಿ ಪ್ರಧಾನಿಯವರೇ ಮುಂಬೈನ ಆಸ್ಪತ್ರೆಯೊಂದರ ಸಮಾರಂಭದಲ್ಲಿ ಹೇಳಿದರು. 2024ರಲ್ಲಿ ಪತಂಜಲಿಯವರು ದಾರಿತಪ್ಪಿಸುವ ಜಾಹೀರಾತುಗಳಿಗೆ ಸುಪ್ರೀಂ ಕೋರ್ಟ್ ಮುಂದೆ ಕ್ಷಮೆ ಕೇಳಿ, ಪತ್ರಿಕೆಗಳಲ್ಲೂ ಕ್ಷಮಾಪಣೆ ಹಾಕಿಸಬೇಕಾಯಿತು. ಇದನ್ನೆಲ್ಲ ನೋಡಿ ರೋಸಿ ಹೋದ ನಮ್ಮಂಥವರು ಏನು ಮಾಡುತ್ತೇವೆ? ಪದವಿ ಇಲ್ಲದವನು ದೇಹದ ಬಗ್ಗೆ, ಗಿಡಮೂಲಿಕೆ ಬಗ್ಗೆ, ಸದ್ದಿನ ಬಗ್ಗೆ ಬಾಯಿ ಬಿಟ್ಟರೆ ಸಾಕು, 'ಮೌಢ್ಯ' ಅಂತ ಚೀಟಿ ಅಂಟಿಸುತ್ತೇವೆ. ನಾನೂ ಅಂಟಿಸಿದ್ದೇನೆ. ಗ್ರೇವ್ಸ್ ನನಗೆ ಆ ಚೀಟಿಯನ್ನು ಕೈಯಲ್ಲಿ ಹಿಡಿದು ನಿಲ್ಲೋ ಹಾಗೆ ಮಾಡಿದರು. ಅವರಿಗೆ ವೈದ್ಯಕೀಯ ಪದವಿ ಇರಲಿಲ್ಲ. ಪೂರ್ವಜರ ಜ್ಞಾನದ ಮಾತೂ ಆಡುತ್ತಿದ್ದರು. ಹಾಗಿದ್ದರೆ ಫರಕ್ ಎಲ್ಲಿ?

ನನಗೆ ಕಂಡ ಫರಕ್ ಇದು. ಅವರು ಮೊದಲು ಕೇಳಿದರು, ಆಮೇಲೆ ಹೇಳಿದರು. ದಶಕಗಳ ರೆಕಾರ್ಡಿಂಗ್ ಇತ್ತು. ಯಾರು ಬೇಕಾದರೂ ಕೇಳಬಹುದಾದ, ತಪ್ಪು ಅಂತ ತೋರಿಸಬಹುದಾದ ಸಿಗ್ನಲ್ ಇತ್ತು. ವಿಜ್ಞಾನಿಗಳ ಹತ್ತಿರ ತಾವೇ ಹೋದರು, ಅವರ ಉಪಕರಣಗಳನ್ನೇ ಕಲಿತರು. ಪೂರ್ವಜರ ಹೆಸರು ಹೇಳಿ ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಲಿಲ್ಲ. ಅವರ ಹಿಂದೆ ಸರ್ಕಾರ ಇರಲಿಲ್ಲ, ಸಚಿವಾಲಯ ಇರಲಿಲ್ಲ, ಸಾವಿರಾರು ಕೋಟಿಯ ಕಂಪನಿ ಇರಲಿಲ್ಲ. ಇಷ್ಟಿದ್ದೂ ಅವರ ಎಲ್ಲ ನಂಬಿಕೆ ನಿಜ ಆಗಿಬಿಡಲ್ಲ. ಆದರೆ ಅವರ ಪ್ರಶ್ನೆ ಪ್ರಾಮಾಣಿಕ ಪ್ರಶ್ನೆ. ನಮ್ಮ ಕರಣೆ ಮೆತ್ತುವವರ ಕಿವಿಯ ಲೆಕ್ಕ ರಾಮನ್ ಅಳೆದ ಮೇಲಷ್ಟೇ ವಿಜ್ಞಾನ ಆಯಿತಲ್ಲ, ಅದಕ್ಕೂ ಮುಂಚೆ ಅದು ಏನಾಗಿತ್ತು? ನನ್ನ ಹತ್ತಿರ ಸಿದ್ಧ ಉತ್ತರ ಇಲ್ಲ. ಮೌಢ್ಯ ಅಂತೂ ಆಗಿರಲಿಲ್ಲ.

2018ರಲ್ಲಿ ಗ್ರೇವ್ಸ್‌ಗೆ ಅಮೈಲಾಯ್ಡ್ ಕಾರ್ಡಿಯೋಮಯೋಪಥಿ ಅಂತ ಗೊತ್ತಾಯಿತು. ಒಂದು ಬಗೆಯ ಪ್ರೋಟೀನ್ ಹೃದಯದ ಸ್ನಾಯುವಿನಲ್ಲಿ ಶೇಖರಗೊಂಡು ಅದನ್ನು ಗಟ್ಟಿ ಮಾಡುತ್ತಾ ಹೋಗುತ್ತೆ. ಬಿಗಿದ ಚರ್ಮದ ಹಾಗೆ ಅನ್ನಬೇಕು ಅನಿಸುತ್ತೆ, ಆದರೆ ಚರ್ಮ ಕಂಪಿಸುತ್ತೆ, ಇದು ಕಂಪಿಸೋದನ್ನೇ ಕಮ್ಮಿ ಮಾಡುತ್ತೆ. ಆರು ತಿಂಗಳು ಅಂದರು ವೈದ್ಯರು. ಹೃದಯವನ್ನೇ ಅಧ್ಯಯನ ಮಾಡಿದವನಿಗೆ ಹೃದಯದ್ದೇ ಕಾಯಿಲೆ ಅನ್ನೋದರಲ್ಲಿ ವಿಧಿಯ ಆಟ ಹುಡುಕುವವರು ಹುಡುಕಲಿ. ಅವರು ಮಾಡಿದ್ದು, ತಮ್ಮದೇ ಎದೆಗೆ ಯಂತ್ರ ಹಚ್ಚಿ ಕೇಳಿದ್ದು. ಎದ್ದು ಕೂರೋಕೆ ಆಗದ ದಿನಗಳಲ್ಲೂ ನುಡಿಸುವುದು, ಚಿತ್ರ ಬರೆಯುವುದು, ಡ್ರಮ್ಮು ತಂತಿ ಸೇರಿಸಿ ಶಿಲ್ಪ ಕಟ್ಟುವುದು ನಡೆದೇ ಇತ್ತು. 2020ರ ಸೆಪ್ಟೆಂಬರ್‌ನಲ್ಲಿ, ಕೋವಿಡ್ ನಡುವೆ, ಫಿಲಡೆಲ್ಫಿಯಾದ ಇನ್ಸ್ಟಿಟ್ಯೂಟ್ ಆಫ್ ಕಾಂಟೆಂಪರರಿ ಆರ್ಟ್‌ನಲ್ಲಿ ಅವರ ಬದುಕಿನ ಕೆಲಸದ ಪ್ರದರ್ಶನ ತೆರೆಯಿತು. ಬಣ್ಣ ಬಳಿದ ಡ್ರಮ್ಮುಗಳು, ಕೈಯಲ್ಲಿ ಬರೆದ ರೆಕಾರ್ಡ್ ಹೊದಿಕೆಗಳು, ಎದೆಬಡಿತದ ಗ್ರಾಫುಗಳು ಎಲ್ಲ ಒಂದೇ ಸೂರಿನಡಿ. 2021ರ ಫೆಬ್ರವರಿ 12ರಂದು ಕ್ವೀನ್ಸ್‌ನ ಮನೆಯಲ್ಲೇ ತೀರಿಕೊಂಡರು. ಎಪ್ಪತ್ತೊಂಬತ್ತು ವಯಸ್ಸು. ಆರು ತಿಂಗಳು ಅಂದಿದ್ದು ಎರಡು ವರ್ಷ ದಾಟಿತ್ತು. ಅದು ಯಾವುದರಿಂದ ಅಂತ ಲೆಕ್ಕ ಹಾಕೋಕೆ ಹೋಗಬೇಡಿ, ಒಬ್ಬ ರೋಗಿಯಿಂದ ಏನೂ ಸಾಬೀತಾಗಲ್ಲ.

ಕೇಳಬೇಕು ಅನ್ನಿಸಿದರೆ ಎಲ್ಲಿಂದ ಶುರು ಮಾಡೋದು? 1977ರ 'ಬಾಬಿ' ಬೇಡ, ಅದು ಹೊಸಬರನ್ನು ಓಡಿಸಿಬಿಡುತ್ತೆ, ಆಮೇಲೆ ಬನ್ನಿ. ಮೊದಲು ಆ ಸಾಕ್ಷ್ಯಚಿತ್ರ ನೋಡಿ, ಅದರಲ್ಲಿ ಜಪಾನಿನ ಶಾಲೆಯೊಂದರಲ್ಲಿ ಆಟಿಸಂ ಇರುವ ಮಕ್ಕಳ ಮುಂದೆ ಅವರು ನುಡಿಸುವ ಹಳೆಯ ದೃಶ್ಯ ಬರುತ್ತೆ. ಮಕ್ಕಳು ಮೊದಲು ಏನು ಮಾಡುತ್ತಾರೆ, ಆಮೇಲೆ ಏನು ಮಾಡುತ್ತಾರೆ ಗಮನಿಸಿ. ಅದಾದ ಮೇಲೆ 'ಡೈಲಾಗ್ ಆಫ್ ದ ಡ್ರಮ್ಸ್'. ಫೋನಿನ ಸ್ಪೀಕರಿನಲ್ಲಿ ಬೇಡ, ಅದರಲ್ಲಿ ಕೆಳಗಿನ ಶ್ರುತಿ ಬರೋದೇ ಇಲ್ಲ. ಇಯರ್‌ಫೋನ್ ಹಾಕಿಕೊಳ್ಳಿ, ತಾಳ ಎಣಿಸೋಕೆ ಹೋಗಬೇಡಿ. ನಾನು ಮೊದಲ ಹತ್ತು ನಿಮಿಷ ಎಣಿಸಿ ಎಣಿಸಿ ಸೋತೆ.

ಮೊನ್ನೆ ಅಟ್ಟದ ಮೇಲಿಂದ ಆ ಲ್ಯಾಬ್ ರೆಕಾರ್ಡ್ ಪುಸ್ತಕ ಸಿಕ್ಕಿತು. ಗ್ರಾಫ್ ಹಾಳೆ ಇನ್ನೂ ಅಂಟಿಕೊಂಡಿದೆ. ಸ್ಕೇಲ್ ಇಟ್ಟು ಮೊನೆಗಳ ನಡುವಿನ ಅಂತರ ಅಳೆದೆ. ಒಂದೂ ಒಂದರ ಹಾಗೆ ಇರಲಿಲ್ಲ. ಕೆಳಗೆ ನನ್ನ ಅಕ್ಷರದಲ್ಲಿ 72, ಅದರ ಪಕ್ಕ ಕೆಂಪು ಇಂಕಿನ ಸಹಿ.